ಶಾಸನದ ಪುಸ್ತಕದ ಇಂಗ್ಲಿಷ್ ಪುಟಗಳಿಗೆ ಪ್ಯಾಲಟಿನೊ ಫಾಂಟ್ ಹೊಂದುತ್ತದೆಯೇ?

ಓಲೆಗರಿ

ಎಲ್ಲರಿಗೂ ನಮಸ್ಕಾರ. ನನ್ನ ತಂದೆ ಹೈಸ್ಕೂಲ್ ಮೇಷ್ಟ್ರಾಗಿದ್ದವರು. ರಜೆ ಬಂತೆಂದರೆ ಸೈಕಲ್ ಹತ್ತಿ ಸುತ್ತಲಿನ ಹಳ್ಳಿಗಳ ವೀರಗಲ್ಲು, ದಾನಶಾಸನಗಳನ್ನು ಓದಿ ನೋಟ್‌ಬುಕ್ಕಿಗೆ ಇಳಿಸಿಕೊಂಡು ಬರುತ್ತಿದ್ದರು. ಅಂಥ ಆರು ನೋಟ್‌ಬುಕ್ಕುಗಳು ಮನೆಯಲ್ಲಿವೆ. ಅವರ ಕಣ್ಣೆದುರೇ ಪುಸ್ತಕವಾಗಲಿ ಎಂದು ನಾನೂ ನನ್ನ ತಮ್ಮನೂ ಹೊರಟಿದ್ದೇವೆ. ಎಡಪುಟದಲ್ಲಿ ಶಾಸನದ ಕನ್ನಡ ಪಾಠ, ಬಲಪುಟದಲ್ಲಿ ರೋಮನ್ ಲಿಪ್ಯಂತರ, ಅದರ ಕೆಳಗೆ ಇಂಗ್ಲಿಷ್ ಅನುವಾದ. ಡೆಮಿ ಸೈಜು, 300 ಪ್ರತಿ.

ಡಿಟಿಪಿ ಮಾಡುವ ಹುಡುಗ ಇಂಗ್ಲಿಷ್ ಭಾಗವನ್ನು ಟೈಮ್ಸ್ ನ್ಯೂ ರೋಮನ್‌ನಲ್ಲಿ ಕೂರಿಸಿಕೊಟ್ಟ. ಅಪ್ಪ ಕನ್ನಡಕ ಹಾಕಿಕೊಂಡು ನೋಡಿ, ‘ಇಲಾಖೆ ಸುತ್ತೋಲೆ ಥರ ಇದೆಯಲ್ಲಮ್ಮ’ ಅಂದರು. ಆಮೇಲೆ ನಾನೇ ಫಾಂಟ್ ಪಟ್ಟಿಯಲ್ಲಿದ್ದ ಒಂದೊಂದನ್ನೂ ಹಾಕಿ ನೋಡುತ್ತಾ ಪ್ಯಾಲಟಿನೊ ಲಿನೊಟೈಪ್‌ಗೆ ಬಂದೆ. ಅದೇ ವಾಕ್ಯ, ಅದೇ 11 ಪಾಯಿಂಟು, ಆದರೆ ಪುಟದ ಮುಖವೇ ಬೇರೆ. ಯಾಕೆ ಹಾಗೆ ಕಾಣುತ್ತದೆ ಅಂತ ನನಗೆ ಹೇಳಲು ಬರುತ್ತಿಲ್ಲ. ಪುಟ ಮಾತ್ರ 208 ಇದ್ದದ್ದು 224 ಆಯಿತು, ಸರಿಯಾಗಿ 16 ಪುಟದ ಒಂದು ಫಾರಂ ಜಾಸ್ತಿ. ತಮ್ಮ ಖರ್ಚಿನ ಲೆಕ್ಕ ಹೇಳುತ್ತಿದ್ದಾನೆ. ಜೊತೆಗೆ ಲಿಪ್ಯಂತರದಲ್ಲಿ ಅಲ್ಲಲ್ಲಿ ಕೆಲವು ಅಕ್ಷರ ಬೇರೆ ಮನೆಯಿಂದ ಬಂದವುಗಳ ಹಾಗೆ ಕಾಣುತ್ತಿವೆ. ಈ ಅಕ್ಷರದ ಗುಣ ಏನು, ಇಂಥ ಪುಸ್ತಕಕ್ಕೆ ಹಾಕಬಹುದೇ? ಬಲ್ಲವರು ತಿಳಿಸಿ.

ಪುಟಗಟ್ಟು

ಮೇಡಂ, ಇಪ್ಪತ್ತು ವರ್ಷದಿಂದ ಪುಟ ಕಟ್ಟುತ್ತಿದ್ದೇನೆ. 300 ಪ್ರತಿಗೆ ಒಂದು ಫಾರಂ ಹೆಚ್ಚು ಅಂದರೆ ಸಣ್ಣ ಮಾತಲ್ಲ. ಓದುಗರಲ್ಲಿ ಹತ್ತಕ್ಕೆ ಒಂಬತ್ತು ಜನ ಫಾಂಟ್ ಯಾವುದು ಅಂತ ನೋಡುವುದೇ ಇಲ್ಲ. ಟೈಮ್ಸ್ ಇರಲಿ, ಸಾಲಿನ ಅಂತರ ಒಂದು ಪಾಯಿಂಟ್ ಹೆಚ್ಚಿಸಿ, ಅಂಚು ಸ್ವಲ್ಪ ಅಗಲ ಮಾಡಿ. ಸುತ್ತೋಲೆಯ ಕಳೆ ಹೋಗುತ್ತದೆ.

ಕಟ್‌ನಿಬ್

ಓಲೆಗರಿ ಅವರೇ, ನಿಮ್ಮ ಕಣ್ಣು ಸರಿಯಾಗಿಯೇ ಹಿಡಿದಿದೆ. ನಾನು ಮಕ್ಕಳಿಗೆ ಅಕ್ಷರ ಬರೆಯುವುದನ್ನು ಕಲಿಸುತ್ತೇನೆ, ಆದ್ದರಿಂದ ಬರೆಯುವ ಕೈಯ ಕಡೆಯಿಂದ ಹೇಳುತ್ತೇನೆ.

ಒಂದು ಕೆಲಸ ಮಾಡಿ. ಪ್ಯಾಲಟಿನೊದ ದೊಡ್ಡಕ್ಷರ ‘ಪಿ’ಯನ್ನು 200 ಪಾಯಿಂಟಿಗೆ ಹಿಗ್ಗಿಸಿ ಪರದೆಯ ಮೇಲಿಡಿ. ಹೊಟ್ಟೆಯ ಗೆರೆ ಸುತ್ತಿ ಬಂದು ಕಂಬಕ್ಕೆ ತಗಲುವ ಮುಂಚೆಯೇ ನಿಂತುಬಿಟ್ಟಿದೆ, ನಡುವೆ ಒಂದು ಸಣ್ಣ ಬಾಗಿಲು ತೆರೆದೇ ಇದೆ. ಟೈಮ್ಸ್‌ನ ‘ಪಿ’ಯನ್ನು ಪಕ್ಕದಲ್ಲಿಡಿ, ಅಲ್ಲಿ ಹೊಟ್ಟೆ ಮುಚ್ಚಿದೆ. ಈಗ ತುದಿ ಅಗಲವಾಗಿ ಕತ್ತರಿಸಿದ ಕಟ್ ನಿಬ್ಬಿನ ಪೆನ್ನು ತಗೊಂಡು ನೀವೇ ಒಂದು ‘ಪಿ’ ಬರೆಯಿರಿ. ಕಂಬ ಎಳೆದು, ಪೆನ್ನೆತ್ತಿ, ಮೇಲಿಂದ ಹೊಟ್ಟೆ ಸುತ್ತಿಸಿ ಕೆಳಗೆ ತರುವಾಗ ಕೈ ತಾನಾಗಿಯೇ ಹಗುರಾಗುತ್ತದೆ. ಕಂಬಕ್ಕೆ ಬೆಸುಗೆ ಹಾಕಲು ಕೈಗೆ ಮನಸ್ಸಿರುವುದಿಲ್ಲ. ಆ ಹಗುರಾದ ಗಳಿಗೆಯೇ ಆ ಬಾಗಿಲು.

ಇನ್ನೊಂದು ಗುರುತು: ದೊಡ್ಡಕ್ಷರ ‘ಇ’ ಮತ್ತು ‘ಎಫ್’ಗಳ ನಡುವಿನ ಅಡ್ಡಗೆರೆ ನೋಡಿ. ಮೇಲಿನ ಗೆರೆಯ ತುದಿಗೆ ಸೆರಿಫ್, ಅಂದರೆ ಸಣ್ಣ ಕೊಂಡಿ, ಇದೆ, ನಡುವಿನದಕ್ಕೆ ಇಲ್ಲ, ಪೆನ್ನು ಎಳೆದು ಬಿಟ್ಟ ಹಾಗೆ ಬೋಳಾಗಿ ನಿಂತಿದೆ. ಸಣ್ಣಕ್ಷರ ‘ಓ’ದಲ್ಲಿ ದಪ್ಪ ಭಾಗ ನೆಟ್ಟಗೆ ಎಡಬಲಕ್ಕೆ ಬೀಳದೆ ತುಸು ವಾಲಿಕೊಂಡಿದೆ. ನಿಬ್ಬನ್ನು ಓರೆಯಾಗಿ ಹಿಡಿದರೆ ದಪ್ಪ ಬೀಳುವುದೇ ಅಲ್ಲಿ. ಇಟಾಲಿಕ್ ಅಂತೂ 16ನೇ ಶತಮಾನದ ಇಟಲಿಯ ಬರಹಗಾರರ ಓಡುಬರಹದ್ದೇ ಜಾಡು: ಒತ್ತಾಗಿ, ಸಪೂರವಾಗಿ, ಅಕ್ಷರದಿಂದ ಅಕ್ಷರಕ್ಕೆ ಹರಿಯುತ್ತದೆ.

ಪುಟಗಟ್ಟು ಸರ್, ಓದುಗರು ಫಾಂಟ್ ನೋಡುವುದಿಲ್ಲ ಅನ್ನುವುದನ್ನು ಒಪ್ಪುತ್ತೇನೆ. ಆದರೆ ಮೇಡಂ ಅವರ ತಂದೆ ಹೆಸರು ಗೊತ್ತಿಲ್ಲದೆಯೇ ವ್ಯತ್ಯಾಸ ಕಂಡರು. ಕಲ್ಲಿನ ಮೇಲೆ ಒಬ್ಬ ಮನುಷ್ಯ ಕೈಯಾರೆ ಕಂಡರಿಸಿದ ಮಾತು ಅದು. ಅದರ ಎದುರು ಪುಟದಲ್ಲಿ ಕೈಯ ಗುರುತಿರುವ ಅಕ್ಷರವೇ ಇರಲಿ ಅನ್ನುವುದು ನನ್ನ ಮನಸ್ಸು.

ಮೈನ್‌ದಂಡೆ

ನಾನಿರುವುದು ಫ್ರಾಂಕ್‌ಫರ್ಟ್ ಹತ್ತಿರ, ಪ್ಯಾಲಟಿನೊ ಹುಟ್ಟಿದ್ದು ಇದೇ ಊರಿನಲ್ಲಿ. ಹಾಗಾಗಿ ಸ್ವಲ್ಪ ಹಿನ್ನೆಲೆ.

ಮಾಡಿದವರು ಹರ್ಮನ್ ಝಾಪ್ಫ್. 1918ರಲ್ಲಿ ನ್ಯೂರೆಂಬರ್ಗ್‌ನಲ್ಲಿ ಹುಟ್ಟಿದವರು. ಎಲೆಕ್ಟ್ರಿಕಲ್ ಎಂಜಿನಿಯರ್ ಆಗಬೇಕೆಂಬ ಆಸೆಯ ಹುಡುಗ. ತಂದೆ ಕಾರ್ಮಿಕ ಸಂಘಟನೆಯಲ್ಲಿದ್ದವರು, 1933ರಲ್ಲಿ ನಾತ್ಸಿಗಳು ಬಂದ ಮೇಲೆ ಕೆಲಸ ಹೋಯಿತು, ಮಗನಿಗೆ ಓದು ಮುಂದುವರಿಸುವ ದಾರಿಯೂ ಮುಚ್ಚಿತು. ಫೋಟೊ ತಿದ್ದುವ ಕೆಲಸ ಕಲಿಯಲು ಸೇರಿಕೊಂಡರು. 1935ರಲ್ಲಿ ರುಡಾಲ್ಫ್ ಕಾಖ್ ಎಂಬ ಅಕ್ಷರ ಕಲಾವಿದರ ನೆನಪಿನ ಪ್ರದರ್ಶನ ನೋಡಿದ್ದೇ ತಿರುವು. ಅಕ್ಷರ ಬರೆಯುವುದರ ಬಗ್ಗೆ ಪುಸ್ತಕ ಕೊಂಡುತಂದು ಮನೆಯಲ್ಲೇ ಕಟ್ ನಿಬ್ಬಿನಲ್ಲಿ ಅಭ್ಯಾಸ ಮಾಡಿಕೊಂಡರು. ಗುರು ಇಲ್ಲ. ಯುದ್ಧದ ಕಾಲದಲ್ಲಿ ಸೈನ್ಯದ ನಕ್ಷೆ ಬರೆಯುವ ವಿಭಾಗದಲ್ಲಿದ್ದು ಮಿಲಿಮೀಟರ್ ಎತ್ತರದ ಅಕ್ಷರಗಳನ್ನು ಬರೆಯುತ್ತಿದ್ದರು.

ಯುದ್ಧ ಮುಗಿದ ಮೇಲೆ ಫ್ರಾಂಕ್‌ಫರ್ಟ್‌ನ ಸ್ಟೆಂಪೆಲ್ ಅಚ್ಚುಮೊಳೆ ಕಾರ್ಖಾನೆಗೆ ಸೇರಿದರು. ಅಲ್ಲಿ ಆಗಸ್ಟ್ ರೋಸೆನ್‌ಬರ್ಗರ್ ಅಂತ ಒಬ್ಬ ಹಿರಿಯ ಪಂಚ್ (ಮೊಳೆಯ ಉಕ್ಕಿನ ಮೂಲ ಅಚ್ಚು) ಕೆತ್ತುಗಾರರಿದ್ದರು. ಝಾಪ್ಫ್ ಬರೆದ ರೇಖೆಯನ್ನು ಉಕ್ಕಿನಲ್ಲಿ ಕೊರೆದವರು ಅವರು. ನಮ್ಮಲ್ಲಿ ಫಾಂಟ್ ಎಂದರೆ ಒಬ್ಬರ ಹೆಸರನ್ನೇ ಹೇಳುತ್ತೇವೆ, ಈ ಎರಡನೆಯ ಹೆಸರನ್ನೂ ಹೇಳಬೇಕು ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ. 1949ರಲ್ಲಿ ಕೆತ್ತನೆ ನಡೆದು 1950ರಲ್ಲಿ ಅಕ್ಷರ ಹೊರಬಂತು. ಹೆಸರು ಇಟ್ಟದ್ದು ಜಾಂಬಟ್ಟಿಸ್ಟ ಪ್ಯಾಲಟಿನೊ ಎಂಬ 16ನೇ ಶತಮಾನದ ಬರಹದ ಗುರುವಿನ ನೆನಪಿಗೆ. ಆತನ ಕೈಬರಹ ಕಲಿಸುವ ಪುಸ್ತಕ ರೋಮ್‌ನಲ್ಲಿ 1540ರಲ್ಲಿ ಬಂದಿತ್ತು. ಹೆಸರು ಗೌರವಕ್ಕೆ ಮಾತ್ರ, ಆತನ ಅಕ್ಷರದ ನಕಲಲ್ಲ.

ಆಗ ಜರ್ಮನಿಯಲ್ಲಿ ಸಿಗುತ್ತಿದ್ದ ಕಾಗದ ಒರಟು, ಅಗ್ಗದ್ದು. ಆ ಕಾಗದದ ಮೇಲೂ ನಿಲ್ಲಬೇಕೆಂದು ಗೆರೆಗಳನ್ನು ಗಟ್ಟಿಯಾಗಿ, ಒಳಗಿನ ಬಯಲನ್ನು ಅಗಲವಾಗಿ ಇಟ್ಟರು. ಓಲೆಗರಿ ಅವರಿಗೆ 16 ಪುಟ ಹೆಚ್ಚಾದದ್ದರ ಮೂಲ ಅಲ್ಲಿದೆ.

ಮೊಳೆಪೆಟ್ಟಿಗೆ

ಮೈನ್‌ದಂಡೆಯವರು ಕಾಗದದ ಮಾತು ತೆಗೆದದ್ದು ಒಳ್ಳೆಯದಾಯಿತು. ನಾನು ಹದಿನಾರನೇ ವಯಸ್ಸಿಗೆ ಪ್ರೆಸ್ಸಿಗೆ ಸೇರಿ ಮೊಳೆ ಜೋಡಿಸಿದವನು. ಕೇಸಿನಿಂದ ಮೊಳೆ ಹೆಕ್ಕಿ ಸ್ಟಿಕ್ಕಿಗೆ ಹಾಕಿ, ಗ್ಯಾಲಿಗೆ ಇಳಿಸಿ, ದಾರ ಕಟ್ಟಿ ಪ್ರೂಫ್ ತೆಗೆಯುವ ಕೆಲಸ. ಇಂಗ್ಲಿಷ್ ಲಗ್ನಪತ್ರಿಕೆಗೆ ಒಂದು ತೆಳುಗೆರೆಯ ಟೈಪು ಇತ್ತು, ಹೊಸದರಲ್ಲಿ ನೋಡಲು ಬಲು ಚೆಂದ. ಎರಡು ಮದುವೆ ಸೀಸನ್ ಟ್ರೆಡಲ್ ತುಳಿದ ಮೇಲೆ ಕೂದಲೆಳೆಯಂಥ ಗೆರೆಗಳೆಲ್ಲ ಮುಕ್ಕಾಗಿ ‘ಇ’ ಯಾವುದು ‘ಸಿ’ ಯಾವುದು ಗೊತ್ತಾಗುತ್ತಿರಲಿಲ್ಲ. ಗೆರೆ ಗಟ್ಟಿಯಿದ್ದ ಟೈಪೇ ಅನ್ನ ಹಾಕಿದ್ದು.

ಮೊಳೆ ಕಾಗದವನ್ನು ಒತ್ತಿದಾಗ ಇಂಕು ಅಂಚಿನಾಚೆಗೆ ಒಂದು ಕೂದಲಷ್ಟು ಹರಡುತ್ತದೆ. ಒಳಬಯಲು ಚಿಕ್ಕದಿದ್ದರೆ ಆ ಹರಡಿದ ಇಂಕಿನಿಂದ ತುಂಬಿಯೇ ಹೋಗುತ್ತದೆ. ಬಾಗಿಲು ತೆರೆದ ‘ಪಿ’ ಅಂತ ಕಟ್‌ನಿಬ್ ಅವರು ಹೇಳಿದರಲ್ಲ, ನಮ್ಮಂಥವರ ಕಣ್ಣಿಗೆ ಅದು ಇಂಕಿಗೆ ಬಿಟ್ಟ ಜಾಗವಾಗಿಯೂ ಕಾಣುತ್ತದೆ.

ತಾಯಿ, ನೀವು ಯಾವ ಕಾಗದ ಹಾಕುತ್ತೀರಿ? 70 ಜಿಎಸ್‌ಎಂ ಮ್ಯಾಪ್‌ಲಿಥೊ ಆದರೆ ಪ್ಯಾಲಟಿನೊ ಧೈರ್ಯವಾಗಿ ಹಾಕಿ. ಆಫ್‌ಸೆಟ್‌ನಲ್ಲಿ ಒತ್ತುವ ಭಾರ ಇಲ್ಲದ ಕಾರಣ ತೆಳುಗೆರೆಯ ಅಕ್ಷರಗಳು ಇನ್ನೂ ಸೊರಗುತ್ತವೆ, ಇದು ಸೊರಗುವುದಿಲ್ಲ. 11 ಪಾಯಿಂಟ್ ಬೇಡ, 10 ಸಾಕು. ಇದರ ಸಣ್ಣಕ್ಷರದ ಮೈ ದೊಡ್ಡದು, 10ರಲ್ಲೂ ಟೈಮ್ಸ್ 11ರ ಹತ್ತಿರ ಕಾಣುತ್ತದೆ. ನಿಮ್ಮ ತಮ್ಮನ ಫಾರಂ ಅಲ್ಲೇ ಉಳಿಯಬಹುದು.

ಓಲೆಗರಿ

ಮೊಳೆಪೆಟ್ಟಿಗೆ ಸರ್, 70 ಜಿಎಸ್‌ಎಂ ಮ್ಯಾಪ್‌ಲಿಥೊನೇ. ಕಟ್‌ನಿಬ್ ಅವರೇ, ‘ಪಿ’ ಹಿಗ್ಗಿಸಿ ಅಪ್ಪನಿಗೆ ತೋರಿಸಿದೆ. ತುಂಬ ಹೊತ್ತು ನೋಡಿ, ‘ಬಳಪದಲ್ಲಿ ಬರೆದರೂ ಹೀಗೇ ಬಿಡುತ್ತೇವೆ’ ಅಂದರು.

ಈಗ ಇನ್ನೊಂದು ತೊಡಕು. ಪ್ರೆಸ್ಸಿನವರ ಕಂಪ್ಯೂಟರಿನಲ್ಲಿ ಪ್ಯಾಲಟಿನೊ ಇಲ್ಲವಂತೆ, ಬುಕ್ ಆಂಟಿಕ್ವ ಇದೆಯಂತೆ, ‘ಎರಡೂ ಒಂದೇ ಮೇಡಂ’ ಅನ್ನುತ್ತಿದ್ದಾರೆ. ಹೌದಾ?

ಮೈನ್‌ದಂಡೆ

ಒಂದೇ ಅಲ್ಲ. ದೂರದಿಂದ ಒಂದೇ ಥರ ಕಾಣುವುದು ನಿಜ. ಬುಕ್ ಆಂಟಿಕ್ವವನ್ನು ಮಾಡಿದ್ದು ಮೋನೊಟೈಪ್, ಮೈಕ್ರೊಸಾಫ್ಟ್ ಆಫೀಸ್ ಜೊತೆಗೆ ಮನೆಮನೆಗೆ ಬಂತು. ಅದು ಪ್ಯಾಲಟಿನೊದ ಅನುಕರಣೆ, ಝಾಪ್ಫ್ ಅವರ ಕೈಯಿಂದ ಬಂದದ್ದಲ್ಲ. ಅಮೆರಿಕದ ಕಾನೂನಿನಲ್ಲಿ ಅಕ್ಷರದ ಆಕಾರಕ್ಕೆ ಕಾಪಿರೈಟ್ ಸಿಗುವುದಿಲ್ಲ, ಫಾಂಟ್ ಫೈಲಿಗೆ ಸಾಫ್ಟ್‌ವೇರ್ ಎಂಬ ಲೆಕ್ಕದಲ್ಲಿ ಮಾತ್ರ ರಕ್ಷಣೆ. ಇಂಥ ನಕಲುಗಳ ವಿಚಾರದಲ್ಲಿ ನೊಂದು ಝಾಪ್ಫ್ 1993ರಲ್ಲಿ ಎಟಿಪಿಐ ಎಂಬ ಅಂತರರಾಷ್ಟ್ರೀಯ ಮುದ್ರಣಾಕ್ಷರ ಸಂಘದಿಂದಲೇ ಹೊರಬಂದರು. ಆಗ ಅವರಿಗೆ 75ರ ಹತ್ತಿರ ವಯಸ್ಸು. ಆಮೇಲೆ ವಿಂಡೋಸ್ 2000ದ ಜೊತೆ ಬಂದ ಪ್ಯಾಲಟಿನೊ ಲಿನೊಟೈಪ್ ಮಾತ್ರ ಅವರೇ ಕೂತು ತಿದ್ದಿದ್ದು.

ಅಪ್ಪನ ಹೆಸರಿನಲ್ಲಿ ಬರುವ ಪುಸ್ತಕ. ಮೂಲವನ್ನೇ ಹಾಕಿಸಿ ಅಂತ ನನ್ನ ಆಗ್ರಹ. ನಿಮ್ಮ ಕಂಪ್ಯೂಟರಿನಲ್ಲೇ ಪುಟ ಮುಗಿಸಿ, ಫಾಂಟ್ ಒಳಗೇ ಸೇರಿಸಿದ ಪಿಡಿಎಫ್ ಕೊಟ್ಟರೆ ಪ್ರೆಸ್ಸಿನಲ್ಲಿ ಇರಲಿ ಇಲ್ಲದಿರಲಿ, ಅಚ್ಚಿಗೆ ತೊಂದರೆ ಇಲ್ಲ.

ಅನಂತಶ್ರೇಣಿ

ನಾನು ಗಣಿತದ ಮೇಷ್ಟ್ರು, ಪುಸ್ತಕಗಳನ್ನೆಲ್ಲ ಲಾಟೆಕ್ ಎಂಬ ಪುಟ ಜೋಡಿಸುವ ತಂತ್ರಾಂಶದಲ್ಲಿ ಮಾಡುವವನು. ‘ಬೇರೆ ಮನೆಯಿಂದ ಬಂದ ಅಕ್ಷರ’ ಅಂದರಲ್ಲ, ಅದಕ್ಕೆ ಯಾರೂ ಇನ್ನೂ ಉತ್ತರ ಕೊಟ್ಟಿಲ್ಲ. ನನ್ನ ಪ್ರಕಾರ ಇಡೀ ಚರ್ಚೆಯಲ್ಲಿ ನಿಮಗೆ ಬೇಕಾದದ್ದು ಅದೇ.

ಶಾಸನದಲ್ಲಿ ಏೞು ಬರುತ್ತದೆ, ಕೆಱೆ ಬರುತ್ತದೆ. ನಮ್ಮ ಲಿಪಿಗಳನ್ನು ರೋಮನ್‌ಗೆ ತರುವ ಐಎಸ್‌ಒ 15919 ಪದ್ಧತಿಯಲ್ಲಿ ‘ಳ’ಕ್ಕೆ ಎಲ್ ಕೆಳಗೆ ಚುಕ್ಕೆ, ‘ೞ’ಕ್ಕೆ ಎಲ್ ಕೆಳಗೆ ಗೆರೆ, ‘ಱ’ಕ್ಕೆ ಆರ್ ಕೆಳಗೆ ಗೆರೆ, ‘ಋ’ಕ್ಕೆ ಆರ್ ಕೆಳಗೆ ಸಣ್ಣ ಬಳೆ, ದೀರ್ಘಕ್ಕೆ ತಲೆಯ ಮೇಲೆ ಅಡ್ಡಗೆರೆ. ಫಾಂಟಿನಲ್ಲಿ ಇವುಗಳಲ್ಲಿ ಯಾವುದಾದರೂ ಇಲ್ಲದಿದ್ದರೆ ವರ್ಡ್ ಹೇಳದೆ ಕೇಳದೆ ಬೇರೆ ಫಾಂಟಿನಿಂದ ಸಾಲ ತರುತ್ತದೆ. ಸಾಲಿನ ನಡುವೆ ಒಂದಕ್ಷರ ದಪ್ಪ, ಒಂದಕ್ಷರ ಸಣ್ಣ ಕಾಣುವುದು ಅದಕ್ಕೇ. ಬಳೆಯ ಆರ್‌ನದು ಇನ್ನೂ ಕಷ್ಟ: ಯೂನಿಕೋಡ್‌ನಲ್ಲಿ ಅದಕ್ಕೆ ಸಿದ್ಧವಾದ ಒಂಟಿ ಸಂಕೇತವೇ ಇಲ್ಲ. ಆರ್ ಬರೆದು ಅದರ ಕೆಳಗೆ ಬಳೆಯನ್ನು ಸೇರಿಸಬೇಕು. ಬಳೆ ಎಲ್ಲಿ ಕೂರಬೇಕು ಅಂತ ಫಾಂಟಿನಲ್ಲಿ ಹೇಳಿರದಿದ್ದರೆ ಅದು ಪಕ್ಕದ ಅಕ್ಷರದ ಕಾಲಿಗೆ ಹೋಗಿ ಬೀಳುತ್ತದೆ.

ದಾರಿ ಇದೆ. ಪ್ಯಾಲಟಿನೊದ ವಂಶದಲ್ಲೇ ಮುಕ್ತ ಫಾಂಟುಗಳಿವೆ. ಜರ್ಮನಿಯ ಯುಆರ್‌ಡಬ್ಲ್ಯು ಕಂಪನಿ ತನ್ನ ಪಲ್ಲಾಡಿಯೊ ಎಂಬ ಪ್ಯಾಲಟಿನೊ ರೂಪವನ್ನು 1996ರಲ್ಲಿ ಮುಕ್ತ ಪರವಾನಗಿಯಲ್ಲಿ ಕೊಟ್ಟಿತು. ಪೋಲೆಂಡಿನ ಟೆಕ್ (ಲಾಟೆಕ್‌ನ ಬುನಾದಿ) ಬಳಗದವರು ಅದನ್ನು ಬೆಳೆಸಿ ಟೆಕ್ ಗೈರ್ ಪಜೆಲ್ಲ ಮಾಡಿದರು. ಅದೇ ಪಲ್ಲಾಡಿಯೊದಿಂದ ಗಾಂಧಾರಿ ಯೂನಿಕೋಡ್ ಅಂತ ಇನ್ನೊಂದು ಬಂತು. ಗಾಂಧಾರದ ಖರೋಷ್ಠಿ ಲಿಪಿಯ ಹಸ್ತಪ್ರತಿಗಳನ್ನು ರೋಮನ್‌ಗೆ ತರುವವರು ತಮ್ಮ ಕೆಲಸಕ್ಕೆಂದೇ ಮಾಡಿಕೊಂಡದ್ದು, ಚುಕ್ಕೆ ಗೆರೆ ಬಳೆಗಳ ಅಗತ್ಯವೇ ಅದರ ಹುಟ್ಟಿಗೆ ಕಾರಣ. ನಮ್ಮ ಹಳಗನ್ನಡದವರಿಗೂ ಅದು ಒದಗುತ್ತದೆ. ಎರಡನ್ನೂ ಇಳಿಸಿಕೊಂಡು ನಿಮ್ಮ ಅತಿ ಕಷ್ಟದ ಪುಟವೊಂದನ್ನು ಹಾಕಿ ನೋಡಿ. ಟೈಪ್ ಮಾಡುವಾಗ ಎಲ್ಲ ಕಡೆ ಒಂದೇ ಸಂಕೇತ ಬಳಸಿ. ಒಂದು ಕಡೆ ಸಿದ್ಧ ಅಕ್ಷರ, ಇನ್ನೊಂದು ಕಡೆ ಜೋಡಿಸಿದ ಅಕ್ಷರ ಆದರೆ ಪದಸೂಚಿ ಮಾಡುವಾಗ ಕೆಱೆ ಎರಡು ಕಡೆ ಒಡೆದುಹೋಗುತ್ತದೆ.

ಗಣಿತದವರಿಗೆ ಈ ಅಕ್ಷರ ಹತ್ತಿರದ್ದು ಅಂತಲೂ ಹೇಳಬೇಕು. ಝಾಪ್ಫ್ ಅವರು ಟೆಕ್ ತಂತ್ರಾಂಶ ಬರೆದ ಡೊನಾಲ್ಡ್ ಕ್ನೂತ್ ಜೊತೆಗೂಡಿ ಅಮೆರಿಕನ್ ಗಣಿತ ಸಂಘಕ್ಕಾಗಿ ಆಯ್ಲರ್ ಎಂಬ ಅಕ್ಷರ ಮಾಡಿದರು. ಕರಿಹಲಗೆಯ ಮೇಲೆ ಚೆಂದದ ಕೈಬರಹದ ಮೇಷ್ಟ್ರು ಸೂತ್ರ ಬರೆದ ಹಾಗಿರುತ್ತದೆ. ಪಠ್ಯಕ್ಕೆ ಪ್ಯಾಲಟಿನೊ, ಸೂತ್ರಕ್ಕೆ ಆಯ್ಲರ್ ಹಾಕಿದ ಪುಟವನ್ನು ಒಮ್ಮೆ ಓದಿದ ಮೇಲೆ ನಾನು ಬೇರೆ ಹಾಕಿಲ್ಲ.

ಪುಟಗಟ್ಟು

ಅನಂತಶ್ರೇಣಿ ಸರ್ ಹೇಳಿದ ಚುಕ್ಕೆ ಗೆರೆ ವಿಚಾರ ನನ್ನ ಲೆಕ್ಕದಲ್ಲೇ ಇರಲಿಲ್ಲ, ಟೈಮ್ಸ್ ಹಾಕಿ ಎಂದ ಮಾತು ಹಿಂದಕ್ಕೆ ತಗೊಳ್ಳುತ್ತೇನೆ. ಟೈಮ್ಸ್ ಹುಟ್ಟಿದ್ದು ಲಂಡನ್ನಿನ ಪತ್ರಿಕೆಗೆ, 1932ರಲ್ಲಿ, ಕಿರಿದಾದ ಕಾಲಮ್ಮಿನಲ್ಲಿ ಹೆಚ್ಚು ಮಾತು ಹಿಡಿಸಲು. ಲಿಪ್ಯಂತರಕ್ಕೆ ಸಾಲಿನ ಮೇಲೆ ಕೆಳಗೆ ಗಾಳಿ ಬೇಕು.

ಆದರೂ ಪ್ಯಾಲಟಿನೊ ಎಲ್ಲ ಕಡೆಗೂ ಸಲ್ಲುವುದಿಲ್ಲ ಅಂತ ಕೈಸುಟ್ಟುಕೊಂಡವನಾಗಿ ಹೇಳುತ್ತೇನೆ. ಒಂದು ವಾರ್ಷಿಕ ವರದಿಗೆ ಹಾಕಿದ್ದೆ. ಪೀಠಿಕೆ ಚೆನ್ನಾಗಿ ಬಂತು, ಜಮಾಖರ್ಚಿನ ಕೋಷ್ಟಕಕ್ಕೆ ಬಂದಾಗ ಅಂಕಣಗಳೆಲ್ಲ ಒಂದಕ್ಕೊಂದು ಒತ್ತಿಕೊಂಡವು. 7 ಪಾಯಿಂಟಿಗೆ ಇಳಿಸಿದರೆ ಪೆನ್ನಿನ ಆ ಸೊಗಸೆಲ್ಲ ಕಲೆಯ ಹಾಗೆ ಕಾಣಲು ಶುರುವಾಯಿತು. ಕೋಷ್ಟಕ, ಅಡಿಟಿಪ್ಪಣಿ ಜಾಸ್ತಿ ಇರುವ ಕಡೆ ಬೇರೆ ನೋಡಿಕೊಳ್ಳಿ. ವೆಬ್‌ಸೈಟಿಗೆ ಹಾಕಿದರೆ ಐಫೋನಿನಲ್ಲಿ ಪ್ಯಾಲಟಿನೊ ಇದೆ, ಆಂಡ್ರಾಯ್ಡ್‌ನಲ್ಲಿ ಇಲ್ಲ, ನೀವು ಕಂಡ ಪುಟ ಬೇರೆ, ಓದುಗ ಕಂಡ ಪುಟ ಬೇರೆ ಆಗುತ್ತದೆ.

ನನ್ನ ದೊಡ್ಡ ಪ್ರಶ್ನೆ ಎಡಪುಟದ್ದು. ಕನ್ನಡಕ್ಕೆ ಏನು ಹಾಕುತ್ತೀರಿ? ಎರಡೂ ಪುಟ ಎದುರುಬದುರು ಕೂರಬೇಕಲ್ಲ. ‘ಸೆರಿಫ್ ಇಂಗ್ಲಿಷಿಗೆ ಸೆರಿಫ್ ಕನ್ನಡ’ ಅಂತ ಹೆಸರು ನೋಡಿ ಜೋಡಿ ಮಾಡುವವರನ್ನು ಕಂಡಿದ್ದೇನೆ, ನನಗದು ಸರಿಕಂಡಿಲ್ಲ.

ಕಟ್‌ನಿಬ್

ಪುಟಗಟ್ಟು ಸರ್, ಇದು ಒಳ್ಳೆಯ ಪ್ರಶ್ನೆ, ಹೆಸರಿನ ಜೋಡಿ ಸಲ್ಲದು ಅನ್ನುವುದಕ್ಕೆ ಕಾರಣ ಬರೆಯುವ ಸಲಕರಣೆಯಲ್ಲೇ ಇದೆ. ಪ್ಯಾಲಟಿನೊದ ಹಿಂದಿರುವುದು ಅಗಲ ತುದಿಯ ಪೆನ್ನು. ತಿರುಗಿದ ಕಡೆ ಗೆರೆ ದಪ್ಪ ತೆಳು ಆಗುತ್ತದೆ. ನಮ್ಮ ಅಕ್ಷರ ತಾಳೆಗರಿಯ ಮೇಲೆ ಬೆಳೆದದ್ದು, ಅಲ್ಲಿ ಕಂಟ ಚೂಪು. ಗರಿಯ ಮೈ ಗೀರಿ ಆಮೇಲೆ ಮಸಿ ತೊಡೆಯುತ್ತಿದ್ದರು, ಗೆರೆ ಎಲ್ಲ ಕಡೆ ಒಂದೇ ದಪ್ಪ. ಕಡತವನ್ನು ತಗೊಳ್ಳಿ, ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪಾಗಿಸಿದ ಬಟ್ಟೆಯ ಮೇಲೆ ಬಳಪದಿಂದ ಬರೆದದ್ದು, ಅಲ್ಲೂ ದಪ್ಪ ತೆಳುವಿನ ಆಟವಿಲ್ಲ. ನಮ್ಮ ಅಕ್ಷರದ ಚೆಲುವೆಲ್ಲ ಸುತ್ತಿನಲ್ಲಿದೆ. ಕನ್ನಡದ ಮೊಳೆಯಲ್ಲಿ ದಪ್ಪ ತೆಳು ಬಂದದ್ದು ಅಚ್ಚು ಕೊರೆದವರ ತೀರ್ಮಾನದಿಂದ, ಬರೆಯುವ ಕೈಯಿಂದಲ್ಲ.

ಹಾಗಾಗಿ ಎರಡು ಪುಟವನ್ನೂ ಗೋಡೆಗೆ ಒರಗಿಸಿ, ಆರು ಅಡಿ ದೂರ ಹೋಗಿ, ಕಣ್ಣು ಕಿರಿದು ಮಾಡಿ ನೋಡಿ. ಎರಡರ ಕಪ್ಪು ಸಮನಾಗಿ ಕಂಡರೆ ಜೋಡಿ ಕೂಡಿತು. ಇಂಗ್ಲಿಷ್ ಪುಟ ಕಪ್ಪಾಗಿ ಮುಂದೆ ಬಂದರೆ ಅರ್ಧ ಪಾಯಿಂಟ್ ಇಳಿಸಿ. ನೋಟೊ ಸೆರಿಫ್ ಕನ್ನಡ ಹಾಕಿ ನೋಡಿ, ಟೈರೊ ಕನ್ನಡವನ್ನೂ ನೋಡಿ. ಟೈರೊವನ್ನು ಜಾನ್ ಹಡ್ಸನ್, ಫಿಯೋನಾ ರಾಸ್ ಮಾಡಿದ್ದು, ಪುಸ್ತಕದ ಪುಟಕ್ಕೆಂದೇ ಮಾಡಿದ ಲಕ್ಷಣ ಅದರಲ್ಲಿದೆ, ಪುಕ್ಕಟೆಯಾಗಿ ಸಿಗುತ್ತದೆ.

ಮೊಳೆಪೆಟ್ಟಿಗೆ

ಒತ್ತಕ್ಷರ ಮರೆಯಬೇಡಿ. ‘ಸ್ತ್ರೀ’, ‘ರಾಷ್ಟ್ರಕೂಟ’ ಬಂದ ಸಾಲಿಗೆ ಕೆಳಗೆ ಜಾಗ ಬೇಕು. ಎಡಪುಟಕ್ಕೆ 16 ಪಾಯಿಂಟ್ ಸಾಲು ಇಟ್ಟರೆ ಬಲಪುಟಕ್ಕೂ ಅದೇ 16 ಇಡಿ. ಆಗ ಕಲ್ಲಿನ ಮೂರನೇ ಸಾಲು ಎರಡೂ ಕಡೆ ಒಂದೇ ಎತ್ತರದಲ್ಲಿ ಬರುತ್ತದೆ, ಓದುವವರು ಬೆರಳಿಟ್ಟು ಅಡ್ಡ ಹೋಗಬಹುದು.

ಅನಂತಶ್ರೇಣಿ

ಮೊಳೆಪೆಟ್ಟಿಗೆಯವರ ಮಾತಿಗೆ ನೂರಕ್ಕೆ ನೂರು. ಕನ್ನಡ, ರೋಮನ್, ಇಂಗ್ಲಿಷ್ ಮೂರನ್ನೂ ಕೊಡುವ ಪದ್ಧತಿ ನಮ್ಮಲ್ಲಿ ಹಳೆಯದು. ಬಿ.ಎಲ್. ರೈಸ್ ಅವರು 1886ರಲ್ಲಿ ಕೊಡಗಿನ ಶಾಸನಗಳಿಂದ ಶುರುಮಾಡಿದ ಎಪಿಗ್ರಾಫಿಯ ಕರ್ನಾಟಿಕ ಎಂಬ ಶಾಸನ ಸಂಪುಟಗಳಲ್ಲೂ ಹಾಗೇ ಇತ್ತು. ಎದುರುಬದುರು ಸಾಲು ಕೂರಿಸಿದರೆ ಹೋಲಿಸಿ ನೋಡುವವರಿಗೆ ಪುಟ ತಿರುಗಿಸುವ ಕಷ್ಟವಿಲ್ಲ.

ಓಲೆಗರಿ

ಹದಿನೈದು ದಿನ ಆಯಿತು, ಏನಾಯಿತು ಅಂತ ತಿಳಿಸಬೇಕಲ್ಲ.

ಲಿಪ್ಯಂತರಕ್ಕೆ ಗಾಂಧಾರಿ, ಅನುವಾದಕ್ಕೆ ಪಜೆಲ್ಲ ಇಟ್ಟುಕೊಂಡೆವು, ಎರಡೂ ಒಂದೇ ವಂಶ ಆದ್ದರಿಂದ ಪುಟದಲ್ಲಿ ಬೇರೆ ಅನ್ನಿಸುವುದಿಲ್ಲ. 10 ಪಾಯಿಂಟ್, 16ರ ಸಾಲು. ಕನ್ನಡಕ್ಕೆ ಟೈರೊ, 11.5. ಆರು ಅಡಿ ದೂರ ನಿಂತು ನೋಡಿದ್ದು ನಾನು, ತಮ್ಮ, ನಮ್ಮಮ್ಮ. ಮೊದಲ ಸಲ ಬಲಪುಟ ಕಪ್ಪಾಗಿತ್ತು, ಕನ್ನಡವನ್ನು ಅರ್ಧ ಪಾಯಿಂಟ್ ಏರಿಸಿದ ಮೇಲೆ ಅಮ್ಮ ‘ಈಗ ಸರಿ’ ಅಂದರು. ಪುಟ 208ರಲ್ಲೇ ನಿಂತಿತು. ಬಳೆಗಳೆಲ್ಲ ತಮ್ಮ ತಮ್ಮ ಆರ್ ಕೆಳಗೇ ಇವೆ.

ಪ್ರೂಫನ್ನು ಅಪ್ಪನ ಕೈಗೆ ಕೊಟ್ಟೆ. ಜಗುಲಿಯಲ್ಲಿ ಕೂತು ಮೂರು ದಿನ ಓದಿದರು. ಒಂದು ವೀರಗಲ್ಲಿನ ಪುಟದಲ್ಲಿ ಪೆನ್ಸಿಲ್ ನಿಂತಿತು. ನಾನು ಎಲ್ ಕೆಳಗೆ ಗೆರೆ ಹಾಕಿದ್ದೆ, ಬಾೞ್, ಅಂದರೆ ಬದುಕು. ಕಲ್ಲಿನಲ್ಲಿದ್ದದ್ದು ಬಾಳ್, ಕತ್ತಿ. ಟೈಮ್ಸ್‌ನ ಪ್ರೂಫಿನಲ್ಲೂ ಇದೇ ತಪ್ಪು ಇತ್ತು, ಅಲ್ಲಿ ಚುಕ್ಕೆಯೋ ಗೆರೆಯೋ ಅವರಿಗೆ ಗೊತ್ತಾಗಿರಲಿಲ್ಲ. ಗೆರೆ ಹೊಡೆದು ಅಂಚಿನಲ್ಲಿ ಒಂದು ಚುಕ್ಕೆ ಇಟ್ಟು, ‘ಸತ್ತವನ ಕೈಲಿ ಕತ್ತಿ ಇತ್ತಮ್ಮ’ ಅಂದರು. ತಿದ್ದಿದ ಪಿಡಿಎಫ್ ನಿನ್ನೆ ಪ್ರೆಸ್ಸಿಗೆ ಹೋಯಿತು.